ಜಬೀ ಟೈಲರ್ ಟೀಮಿನ ಹನ್ನೊಂದನೆಯವನು

ಹೊಸದುರ್ಗದ ಕೊಬ್ಬರಿ ಮಂಡಿಯ ಹಿಂದಿನ ಓಣಿಯಲ್ಲಿ ಜಬೀ ಟೈಲರ್ ಅಂಗಡಿ ಎಲ್ಲಿ ಅಂತ ಯಾರನ್ನಾದರೂ ಕೇಳಿ ನೋಡಿ. ದಾರಿ ಹೇಳುವ ಮೊದಲು ನಗುತ್ತಾರೆ. "ಇವತ್ತು ಯಾರ ಮೇಲೆ ಉರ್ಕಂಡು ಕುಂತವ್ನೋ ನೋಡ್ಕಂಡು ಹೋಗ್ರಿ" ಅಂತ ಒಂದು ಮಾತು ಸೇರಿಸುತ್ತಾರೆ. ಅವನ ಪೂರ್ತಿ ಹೆಸರು ಸೈಯದ್ ಜಬೀವುಲ್ಲಾ. ಅದು ಶಾಲೆಯ ದಾಖಲೆಗೆ ಮಾತ್ರ. ಊರಿಗೆಲ್ಲ ಅವನು ಜಬೀ.

ಹೊಟ್ಟೆಕಿಚ್ಚು ಅವನಿಗೆ ಹುಟ್ಟಿನಿಂದ ಬಂದದ್ದು. ಪಕ್ಕದ ಮನೆಯ ನಲ್ಲಿಯಲ್ಲಿ ನೀರು ಜೋರಾಗಿ ಬಂದರೂ ಅವನಿಗೆ ಸಂಕಟ. ಎದುರಿನ ಅಂಗಡಿಯವನ ಮೊಬೈಲಿನ ರಿಂಗು ತನ್ನದಕ್ಕಿಂತ ಗಟ್ಟಿಯಾಗಿ ಕೇಳಿದರೂ ಸಂಕಟ. ಹಾಗಂತ ಕೆಟ್ಟವನಲ್ಲ. ಮಂದಿಯ ಕಷ್ಟಕ್ಕೆ ಮೊದಲು ಓಡುವವನೂ ಅವನೇ. ಮಂದಿಯ ಸುಖವನ್ನು ಮಾತ್ರ ಕಣ್ಣಿನಿಂದ ನೋಡಲಾರ, ಅಷ್ಟೆ. ನಲವತ್ತಮೂರು ವಯಸ್ಸಾದರೂ ಈ ವಿಷಯದಲ್ಲಿ ಅವನು ಬೆಳೆಯಲೇ ಇಲ್ಲ.

ಅವನ ಮನೆತನ ಏಳೆಂಟು ತಲೆಮಾರಿನಿಂದ ಇದೇ ಊರಿನಲ್ಲಿ ಸೂಜಿ ಹಿಡಿದದ್ದು. ಅಪ್ಪ ಶರ್ಟು ಪ್ಯಾಂಟು ಹೊಲಿದ. ಮಂದಿಯೆಲ್ಲ ರೆಡಿಮೇಡಿಗೆ ಹೋದ ಮೇಲೆ ಜಬೀ ಕ್ರಿಕೆಟ್ ಜರ್ಸಿ ಹೊಲಿಯಲು ಶುರುಮಾಡಿದ. ಇಡೀ ತಾಲ್ಲೂಕಿನ ಟೆನಿಸ್ ಬಾಲ್ ಟೀಮುಗಳ ಜರ್ಸಿ ಅವನ ಮಿಶಿನ್ನಿನಿಂದಲೇ ಹೊರಗೆ ಬರುತ್ತವೆ. ಅಂಗಡಿಯ ಮುಂದಿನ ಭಾಗದಲ್ಲಿ ಮಿಶಿನ್ನು, ಕತ್ತರಿ, ಗುಂಡಿ ಹಚ್ಚುತ್ತ ಕೂರುವ ಅವನ ತಾಯಿ ತಾಜ್ ಬೀ. ಹಿಂದಿನ ಭಾಗದಲ್ಲಿ ಒಂದು ಹಳೆಯ ಟೀವಿ, ಎರಡು ಗೇಮ್ ಪೆಟ್ಟಿಗೆ, ಒಂದು ಬೆಂಚು. ಜರ್ಸಿ ಅಳತೆ ಕೊಡಲು ಬಂದ ಹುಡುಗರು ಅಲ್ಲೇ ಕೂತು ಕ್ರಿಕೆಟ್ ಗೇಮ್ ಆಡುತ್ತಾರೆ. ಈ ಕಥೆ ಇರುವುದು ಆ ಹಿಂದಿನ ಭಾಗದಲ್ಲಿ.

ವಿಡಿಯೋ ಗೇಮಿನ ಲೋಕದಲ್ಲಿ ಒಂದು ಕರಾಮತ್ತು ನಡೆಯುತ್ತದೆ, ಗೊತ್ತಿಲ್ಲದವರು ಕೇಳಿ. ಯಾವುದೋ ದೊಡ್ಡ ಕಂಪನಿ ಹೋಗಿ ಒಂದು ಲೀಗಿನ ಜೊತೆ ಕರಾರು ಮಾಡಿಕೊಂಡುಬಿಡುತ್ತದೆ. ನಿಮ್ಮ ಆಟಗಾರರ ಹೆಸರು, ಮುಖ, ಜರ್ಸಿ ಎಲ್ಲ ನಮ್ಮ ಗೇಮಿನಲ್ಲಿ ಮಾತ್ರ ಇರಬೇಕು, ಬೇರೆ ಯಾರಿಗೂ ಕೊಡಕೂಡದು ಅಂತ. ಮುಗಿಯಿತು. ಇನ್ನೊಂದು ಕಂಪನಿ ಎಷ್ಟೇ ಚೆನ್ನಾಗಿ ಗೇಮ್ ಮಾಡಲಿ, ಅದರಲ್ಲಿ ಆಡುವವರಿಗೆ ಹೆಸರಿಲ್ಲ. ಕೆಂಪು ಜರ್ಸಿಯ ದೊಡ್ಡ ಫುಟ್ಬಾಲ್ ಕ್ಲಬ್ಬಿಗೆ ಬರೀ ಊರಿನ ಹೆಸರು, ಬಣ್ಣದ ಹೆಸರು. ಕ್ರಿಕೆಟ್ ಗೇಮಿನಲ್ಲಿ ನಮ್ಮ ದೇಶದ ಪರವಾಗಿ ಬ್ಯಾಟಿಂಗಿಗೆ ಬರುವವನಿಗೆ ಯಾರೂ ಕೇಳರಿಯದ ಹೆಸರು. ಮೂತಿ ಒಬ್ಬನದು, ಹೆಸರು ಇನ್ನೊಬ್ಬನದು.

ಜಬೀಯ ಗೇಮು ಅಂಥದ್ದೇ ಬಡಪಾಯಿ ಗೇಮು. ಆದರೆ ಅದರಲ್ಲಿ ಹೆಸರು ತಿದ್ದುವ ಸೌಕರ್ಯವಿತ್ತು. ಮೊದಮೊದಲು ಅವನು ದೇಶದ ಆಟಗಾರರ ಹೆಸರುಗಳನ್ನು ಸರಿಮಾಡಿದ. ಆಮೇಲೆ ಒಂದು ದಿನ ತಲೆಗೆ ಹೊಳೆಯಿತು, ಇವರಿಗೆ ಯಾಕೆ ಇಷ್ಟು ಸೇವೆ, ನಮ್ಮ ಹುಡುಗರೇ ಏನು ಕಡಿಮೆ ಅಂತ. ರಾಮಗಿರಿ ಟೀಮು, ಹಿರೇಗುಂಟನೂರು ಟೀಮು, ಹೊಸದುರ್ಗದ ಟೀಮು, ಎಲ್ಲವನ್ನೂ ಗೇಮಿಗೆ ಹಾಕಿದ. ಒಬ್ಬೊಬ್ಬ ಆಟಗಾರನನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಅವನ ಎತ್ತರ, ಗಡ್ಡ, ಬೌಲಿಂಗಿಗೆ ಓಡಿಬರುವ ಧಾಟಿ, ಜರ್ಸಿಯ ತೋಳಿನ ಪಟ್ಟಿ ಎಲ್ಲ ಕೂಡಿಸಿದ. ತನ್ನನ್ನೇ ತಾನು ಟೀವಿಯಲ್ಲಿ ಆಡಿಸುವ ಭಾಗ್ಯ ಯಾರಿಗುಂಟು ಹೇಳಿ! ಭಾನುವಾರ ಬಂತೆಂದರೆ ಓಣಿಯಲ್ಲಿ ಬೈಕು ನಿಲ್ಲಿಸಲು ಜಾಗವಿರುತ್ತಿರಲಿಲ್ಲ. ಜಬೀ ಮಿಶಿನ್ನು ತುಳಿಯುತ್ತ, ಒಳಗಿನ ಕೇಕೆ ಕೇಳುತ್ತ, ಎದೆ ಉಬ್ಬಿಸಿಕೊಂಡು ಕೂರುತ್ತಿದ್ದ.

ಅವನಿಗೆ ಆಸ್ತಿ ಇಲ್ಲ, ಅಧಿಕಾರವಿಲ್ಲ. ಆಡುವ ಕಾಲದಲ್ಲೂ ದೊಡ್ಡ ಹೆಸರು ಮಾಡಲಿಲ್ಲ. ಇದೊಂದೇ ಅವನಿಗೆ ದಕ್ಕಿದ್ದು. ಊರಿನ ಆಟಗಾರರನ್ನೆಲ್ಲ ಟೀವಿಯೊಳಗೆ ಕೂರಿಸಿದವನು ನಾನು ಅನ್ನುವ ಹೆಮ್ಮೆ.

ಈಗ ಕೊಟ್ರೇಶನ ಸುದ್ದಿಗೆ ಬರೋಣ. ಬರಲೇಬೇಕಲ್ಲ.

ಕೊಟ್ರೇಶ ಮತ್ತು ಜಬೀ ಒಂದೇ ಬೆಂಚಿನಲ್ಲಿ ಓದಿದವರು, ಒಂದೇ ಟೀಮಿಗೆ ಓಪನಿಂಗ್ ಬ್ಯಾಟಿಂಗ್ ಮಾಡಿದವರು. ಹತ್ತು ವರ್ಷ ಜೋಡಿಯಾಗಿ ಮೈದಾನಕ್ಕೆ ಇಳಿದರು. ಆದರೆ ಚಪ್ಪಾಳೆ ಬೀಳುತ್ತಿದ್ದುದು ಕೊಟ್ರೇಶನಿಗೆ. ಅವನು ಎತ್ತರದ ಆಳು, ಕೆಂಪಗಿದ್ದ, ಚೆಂಡನ್ನು ಎತ್ತಿ ಹೊಡೆಯುತ್ತಿದ್ದ. ಜಬೀ ಇನ್ನೊಂದು ತುದಿಯಲ್ಲಿ ಒಂದೊಂದೇ ರನ್ ಕದ್ದು ಸ್ಟ್ರೈಕು ಅವನಿಗೆ ಕೊಡುತ್ತಿದ್ದ. ಪೇಪರಿನಲ್ಲಿ ಸುದ್ದಿ ಬಂದರೆ 'ಕೊಟ್ರೇಶನ ಅಬ್ಬರ' ಅಂತ ಬರುತ್ತಿತ್ತು. ಜಬೀಯ ಹೆಸರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಈ ಉರಿ ಆಗಿನಿಂದಲೂ ಆರಿಲ್ಲ.

ಹೋದ ವರ್ಷ ಆ ಕೊಟ್ರೇಶ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಗೇಮಿಂಗ್ ಹಾಲ್ ತೆರೆದ. ಏಸಿ, ಗೋಡೆಯಷ್ಟು ದೊಡ್ಡ ಟೀವಿ, ಒರಗಿದರೆ ಹಿಂದಕ್ಕೆ ಬಾಗುವ ಕುರ್ಚಿ. ಹೆಸರು ತಿದ್ದುವ ವಿದ್ಯೆಯನ್ನು ಅವನು ಕಲಿತದ್ದು ಜಬೀಯ ಬೆಂಚಿನ ಮೇಲೆ ಕೂತು, ತಾಜ್ ಬೀ ಕೊಟ್ಟ ಚಾ ಕುಡಿಯುತ್ತ! ಸಾಲದ್ದಕ್ಕೆ ಹಾಲಿನ ಕಿಟಕಿಗಳ ಪರದೆಯನ್ನೂ ಜಬೀಯ ಕೈಯಲ್ಲೇ ಹೊಲಿಸಿದ.

"ನೀನಿದ್ದಾಗ ಬೇರೆಯೋರಿಗೆ ಯಾಕಲೇ ಕೊಡಲಿ?" ಅಂದ ಕೊಟ್ರೇಶ.

ಜಬೀ ಹಲ್ಲು ಕಚ್ಚಿಕೊಂಡು ಹೊಲಿದ. ಹೊಲಿದ, ಆದರೆ ಪಡುವಣ ಕಿಟಕಿಯ ಪರದೆಯನ್ನು ಬೇಕಂತಲೇ ಒಂದು ಗೇಣು ಕಡಿಮೆ ಹೊಲಿದ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಬಿಸಿಲಿನ ಒಂದು ಪಟ್ಟಿ ಸೀದಾ ಹೋಗಿ ಆ ದೊಡ್ಡ ಟೀವಿಯ ಮೇಲೆ ಬೀಳಲಿ ಅಂತ. ನೋಡಿ ಮನುಷ್ಯನ ಬುದ್ಧಿ! ಕೊಟ್ರೇಶ ಆಮೇಲೆ ಅಲ್ಲೊಂದು ಟವೆಲ್ ನೇತುಹಾಕಿದ, ಅದೂ ಪೂರ್ತಿ ಸಾಲಲಿಲ್ಲ. ಅವನು ಜಗಳಕ್ಕೆ ಬರಲಿಲ್ಲವಲ್ಲ ಅಂತ ಜಬೀಗೆ ಮತ್ತೊಂದಿಷ್ಟು ಉರಿಯಿತು.

ಯುಗಾದಿ ಕಳೆದ ಮೇಲೆ ಸುತ್ತಮುತ್ತಲ ಊರುಗಳ ಲೀಗ್ ಪಂದ್ಯಗಳು. ಅದಕ್ಕೆ ಮೊದಲು ಕಮಿಟಿಯ ಸಭೆ ಇತ್ತು. ಅಧ್ಯಕ್ಷ ಮುರುಗೇಶಪ್ಪ, ಕೊಬ್ಬರಿ ಮಂಡಿಯ ಹಿರಿಯ ವ್ಯಾಪಾರಿ, ಹಣೆ ತುಂಬ ವಿಭೂತಿ, ಮಾತು ತೂಕದ್ದು. ಕೊಟ್ರೇಶನ ಹೆಂಡತಿ ದಾಕ್ಷಾಯಿಣಿಗೆ ಸೋದರಮಾವ. ಜಬೀ ಹೊಸ ಜರ್ಸಿಗಳ ಗಂಟನ್ನು ಹೊತ್ತುಕೊಂಡು ಹೋಗಿ ಹಿಂದಿನ ಸಾಲಿನಲ್ಲಿ ಕೂತಿದ್ದ. ಮುರುಗೇಶಪ್ಪ ಎದ್ದು ನಿಂತು ಘೋಷಣೆ ಮಾಡಿದರು.

"ದೊಡ್ಡ ದೊಡ್ಡ ದೇಶದಾಗೆ ಒಂದು ಲೀಗಿಗೆ ಒಂದೇ ಗೇಮ್ ಕಂಪನಿ ಇರ್ತೈತಂತೆ. ಅದು ಲೀಗಿಗೆ ಒಂದು ಗತ್ತು. ನಮ್ಮ ಲೀಗಿಗೂ ಹಂಗೇ ಮಾಡಾಣ ಅಂತ ಕಮಿಟಿ ಒಪ್ಪೈತೆ. ಈ ಸೀಸನ್ ಮುಗಿಯೋ ತನಕ ನಮ್ಮ ಆಟಗಾರರ ಹೆಸರು, ಫೋಟೋ, ಜರ್ಸಿ ಎಲ್ಲಾ ಕೊಟ್ರೇಶನ ಹಾಲಿನಾಗೆ ಮಾತ್ರ. ಬೇರೆ ಯಾರೂ ಗೇಮಿಗೆ ಹಾಕಂಗಿಲ್ಲ."

ಚಪ್ಪಾಳೆ ಬಿತ್ತು. ಜಬೀಯ ತೊಡೆಯ ಮೇಲೆ ಅವನೇ ಹೊಲಿದ ಜರ್ಸಿಗಳು. ಅವನೇ ಹೊಲಿದ ಜರ್ಸಿಯನ್ನು ಅವನ ಟೀವಿಯಲ್ಲೇ ತೋರಿಸುವ ಹಾಗಿಲ್ಲ! ಅವನು ಎದ್ದು ನಿಂತ.

"ಯಜಮಾನ್ರೆ, ಹೆಸರು ಅಂದ್ರೆ ಅವರವರ ಅಪ್ಪ ಅವ್ವ ಇಟ್ಟಿದ್ದು. ಅದನ್ನ ಒಬ್ಬನಿಗೆ ಬರ್ಕೊಡಾಕೆ ಕಮಿಟಿ ಯಾರು?"

"ಏನಪ್ಪ ಜಬೀ, ಬೇಜಾರಾದೇನು? ಕುಂತ್ಕ. ಕೊಟ್ರೇಶ ಮೊದಲು ಬಂದು ಕೇಳಿದ, ಕೊಟ್ವಿ. ನೀನು ಕೇಳಿದ್ರೆ ನಿನಗೇ ಕೊಡ್ತಿದ್ವಿ" ಅಂದರು ಮುರುಗೇಶಪ್ಪ.

ಕೇಳಬೇಕು ಅನ್ನುವುದೇ ಜಬೀಗೆ ಗೊತ್ತಿರಲಿಲ್ಲ. ತನ್ನ ಮನೆಯ ಬಾಗಿಲು ದಾಟಲು ಯಾರಾದರೂ ಅಪ್ಪಣೆ ಕೇಳುತ್ತಾರೆಯೇ? ಕೊಟ್ರೇಶ ಅವನ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದ. ಜಬೀ ಜರ್ಸಿಯ ಗಂಟನ್ನು ಅಲ್ಲೇ ಬಿಸಾಕಿ ಹೊರಟುಬಂದ.

ಆವತ್ತಿನಿಂದ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಅದೇ ಪುರಾಣ. ಬ್ಲೌಸು ಹೊಲಿಸಲು ಬಂದ ಶಿವಗಂಗಮ್ಮನಿಗೂ ಅದೇ ಪುರಾಣ. "ಹೆಸರು ಯಾರಪ್ಪನ ಆಸ್ತಿ, ಹೇಳ್ರಿ ಶಿವಗಂಗಮ್ಮ. ಒಬ್ಬನೇ ಇಟ್ಕಂತೀನಿ ಅಂದ್ರೆ ಅದು ನ್ಯಾಯಾನಾ?" ಆ ಹೆಂಗಸು ಪಾಪ, ಕುತ್ತಿಗೆ ಸ್ವಲ್ಪ ಅಗಲ ಇಡು ಅಂತ ಹೇಳಲು ಬಂದವಳು, ಅದನ್ನು ಮರೆತು ಎದ್ದುಹೋದಳು.

ಕರಾರು ಅಂದಮೇಲೆ ಕರಾರು. ಜಬೀ ಹೆಸರುಗಳನ್ನೆಲ್ಲ ಅಳಿಸಿದ. ಭಾನುವಾರ ಓಣಿಯಲ್ಲಿ ಒಂದು ಬೈಕೂ ಇರಲಿಲ್ಲ. ಒಳಗೆ ಕೇಕೆಯಿಲ್ಲ. ಮಿಶಿನ್ನಿನ ಸದ್ದು ಅವನಿಗೇ ಬೇಸರವಾಗುವಷ್ಟು ಕೇಳಿಸಿತು.

ಕೊಟ್ರೇಶನ ಹಾಲಿನಲ್ಲಿ ಲೀಗಿನ ಗೇಮಿನ ಉದ್ಘಾಟನೆಗೆ ಅವನಿಗೂ ಕರೆ ಬಂತು. ಹೋಗುವುದಿಲ್ಲ ಅಂದ, ಹೋದ. ಹೋಗದೆ ಇರಲು ಅವನಿಂದ ಆಗುತ್ತದೆಯೇ? ಬಾಗಿಲ ಹತ್ತಿರ ನಿಂತು ಏಸಿಯ ತಣ್ಣನೆಯ ಗಾಳಿ ಮುಖಕ್ಕೆ ಬಡಿದಾಗ ಅವನ ಹೊಟ್ಟೆಯೊಳಗೆ ಮಾತ್ರ ಕೆಂಡ. ಕುರ್ಚಿ ನೋಡಿದ, ಟೀವಿ ನೋಡಿದ, ಟೀವಿಯ ಮೇಲೆ ಬಿದ್ದ ಬಿಸಿಲಿನ ಪಟ್ಟಿ ನೋಡಿ ಸ್ವಲ್ಪ ಸಮಾಧಾನ ಮಾಡಿಕೊಂಡ.

ರಾಮಗಿರಿಗೂ ಹಿರೇಗುಂಟನೂರಿಗೂ ಪಂದ್ಯ ಹಾಕಿದ್ದರು. ಅಸಲಿ ಆಟಗಾರರೇ ಕೂತು ಆಡುತ್ತಿದ್ದರು. ಹಿರೇಗುಂಟನೂರಿನ ಓಪನರ್ ಗೊಲ್ಲಪ್ಪ ಒಮ್ಮೆಗೇ ಕೂಗಿದ.

"ಯಾವನಲೇ ಇವನು ಜಿ. ತಿಪ್ಪೇಸ್ವಾಮಿ? ನನ್ನ ಜಾಗದಾಗೆ ಬ್ಯಾಟಿಂಗಿಗೆ ಬಂದವ್ನೆ!"

"ನೀನೇ ಕಣಲೇ. ಆಧಾರ್ ಕಾರ್ಡಿನಾಗೆ ನಿನ್ನ ಹೆಸರು ಅದೇ ಐತೆ" ಅಂದ ಕೊಟ್ರೇಶ.

ನಮ್ಮ ಸೀಮೆಯಲ್ಲಿ ಹೀಗೇ. ಶಾಲೆಗೆ ಬರೆಸಿದ ಹೆಸರು ಒಂದು, ಮನೆಯಲ್ಲಿ ಕರೆಯುವ ಹೆಸರು ಇನ್ನೊಂದು. ಶಾಲೆಯ ಹೆಸರು ಅವನಿಗೇ ಮರೆತುಹೋಗಿರುತ್ತದೆ. ಕರಾರಿನ ಕೆಲಸ, ಕಾಯಿದೆ ಪ್ರಕಾರ ಇರಲಿ ಅಂತ ಕಮಿಟಿಯವರು ಎಲ್ಲರ ಆಧಾರ್ ಕಾರ್ಡು ತರಿಸಿ, ಅದರಲ್ಲಿದ್ದ ಹಾಗೆಯೇ ಹೆಸರು ಹಾಕಿಸಿದ್ದರು. ಟೀವಿಯಲ್ಲಿ ಆಡುತ್ತಿದ್ದವರು ಯಾರೆಂದು ಆಡಿಸುತ್ತಿದ್ದವರಿಗೇ ಗೊತ್ತಾಗಲಿಲ್ಲ. ಗೊಲ್ಲಪ್ಪ ತಾನು ಔಟಾದದ್ದು ತಿಳಿಯದೆ ತಿಪ್ಪೇಸ್ವಾಮಿಯನ್ನು ಬೈಯುತ್ತ ಕೂತ.

ಜಬೀಗೆ ಒಳಗೊಳಗೇ ಹಬ್ಬ. ಹೊಸದುರ್ಗ ಟೀಮಿನ ಪಂದ್ಯ ಬರುವ ತನಕ ಕಾಯದೆ, ಬಾಯಿಯ ಮೇಲೆ ಕೈ ಇಟ್ಟು ನಗು ತಡೆಯುತ್ತ ಹೊರಗೆ ಬಂದ.

ದಾರಿಯುದ್ದಕ್ಕೂ ಯೋಚನೆ. ಕರಾರಿನಲ್ಲಿ ಇರುವುದು ಹೆಸರು, ಫೋಟೋ, ಜರ್ಸಿ. ಮೈದಾನದ ಹೆಸರು ಅದರಲ್ಲಿ ಎಲ್ಲಿದೆ? ಊರಿನ ಪ್ರತಿ ಆಟಗಾರನಿಗೂ ಮೈದಾನದಲ್ಲಿ ಒಂದು ಅಡ್ಡಹೆಸರಿದೆ. ಅದನ್ನು ಮೈದಾನದಲ್ಲಿ ಕೂಗಬೇಕು, ಅಲ್ಲಿಯೇ ಬಿಟ್ಟುಬರಬೇಕು. ಮಾವನ ಮುಂದೆ, ಹೆಂಡತಿಯ ಮುಂದೆ, ಹಿರಿಯರ ಮುಂದೆ ಅದು ಬಾಯಿಗೆ ಬರಕೂಡದು. ಅದು ಪದ್ಧತಿ. ಜಬೀ ಆ ಪದ್ಧತಿಯನ್ನು ಮುರಿದ. ಹೊಟ್ಟೆಕಿಚ್ಚಿನ ಮುಂದೆ ಯಾವ ಪದ್ಧತಿ ನಿಲ್ಲುತ್ತದೆ!

ರಾಮಗಿರಿಯ ವೇಗದ ಬೌಲರ್ ಮಾರುತೇಶ್ ಓಡಿಬರುವಾಗ ಬುಸುಬುಸು ಸದ್ದು ಮಾಡುತ್ತಾನೆ, ಅವನು ಪಂಪ್‌ಸೆಟ್ ಆದ. ಬಂದ ಹಾಗೆಯೇ ಹೋಗುವ ಗೊಲ್ಲಪ್ಪ ಕರೆಂಟ್ ಆದ. ಜರ್ಸಿಗಳ ಬಣ್ಣವನ್ನು ಹಿಂದುಮುಂದು ಮಾಡಿದ. ಸಾಲದು ಅಂತ ತನ್ನ ಕಾಲದವರ ಹಳೆಯ ಟೀಮನ್ನೂ ಮಾಡಿದ. ಆ ಟೀಮಿನ ವಿಕೆಟ್ ಕೀಪರ್ ಜರಡಿ. ಯಾವ ಚೆಂಡೂ ಅವರ ಕೈಯಲ್ಲಿ ನಿಲ್ಲದೆ ಸೋರಿಹೋಗುತ್ತಿತ್ತು ಅಂತ ಇಪ್ಪತ್ತೈದು ವರ್ಷದ ಹಿಂದೆ ಇಟ್ಟ ಹೆಸರು ಅದು. ಆ ಜರಡಿ ಈಗ ಕಮಿಟಿಯ ಅಧ್ಯಕ್ಷರು. ಓಪನಿಂಗಿಗೆ ತನ್ನನ್ನೇ ಹಾಕಿಕೊಂಡ. ಅವನ ಮೈದಾನದ ಹೆಸರು ಕಾಜಾ. ಬ್ಯಾಟಿಗೂ ಪ್ಯಾಡಿಗೂ ನಡುವೆ ಗುಂಡಿ ತೂರಿಸುವ ಕಾಜಾದಷ್ಟು ಸಂದು ಬಿಟ್ಟು ಬೌಲ್ಡ್ ಆಗುತ್ತಾನೆ ಅಂತ ಕೊಟ್ರೇಶ ಇಟ್ಟದ್ದು. ತನ್ನ ಬ್ಯಾಟಿಂಗಿಗೆ ತಾನೇ ನೂರಕ್ಕೆ ತೊಂಬತ್ತು ಅಂಕ ಕೊಟ್ಟುಕೊಂಡ.

ಹತ್ತು ಮಂದಿ ಆದರು. ಹನ್ನೊಂದನೆಯವನು ಕೊಟ್ರೇಶ ಆಗಬೇಕಿತ್ತು. ಅವನಿಗೂ ಒಂದು ಹೆಸರಿತ್ತು, ದಿಬ್ಬಣ. ಬ್ಯಾಟಿಂಗಿಗೆ ಬರುವಾಗ ಮದುವೆ ದಿಬ್ಬಣದ ಹಾಗೆ ನಿಧಾನವಾಗಿ, ನಾಲ್ಕೂ ಕಡೆ ನೋಡುತ್ತ, ಗತ್ತಿನಿಂದ ಬರುತ್ತಿದ್ದ. ಅದನ್ನು ಇಟ್ಟವನು ಜಬೀ. ಬಟನ್ ಒತ್ತಲು ಹೋದ ಬೆರಳು ಹಾಗೆಯೇ ನಿಂತಿತು. ಇಲ್ಲ, ಹಾಕುವುದಿಲ್ಲ. ಆ ಜಾಗದಲ್ಲಿ ಗೇಮಿನವರೇ ಕೊಟ್ಟಿದ್ದ ಯಾವುದೋ ಊರುಹೆಸರಿಲ್ಲದ ಆಟಗಾರನನ್ನು ಬಿಟ್ಟ. ಕಾಜಾನ ಜೊತೆ ಅವನೇ ಬ್ಯಾಟಿಂಗಿಗೆ ಇಳಿಯಲಿ!

ಸುದ್ದಿ ಹಬ್ಬಲು ಎಷ್ಟು ಹೊತ್ತು? ಮುಂದಿನ ಭಾನುವಾರ ಓಣಿಯಲ್ಲಿ ಮತ್ತೆ ಬೈಕುಗಳು. ಒಬ್ಬನ ಅಡ್ಡಹೆಸರು ನೋಡಿ ಇನ್ನೊಬ್ಬ ಬಿದ್ದು ಬಿದ್ದು ನಕ್ಕ. ಮಾರುತೇಶನ ಹೆಂಡತಿ ಸಹನಾಗೆ ಮದುವೆಯಾಗಿ ನಾಲ್ಕು ವರ್ಷದ ಮೇಲೆ ತನ್ನ ಗಂಡ ಪಂಪ್‌ಸೆಟ್ ಅಂತ ಗೊತ್ತಾಯಿತು. ಮಾರುತೇಶ ಜಗಳಕ್ಕೆ ಬಂದ, ಬಂದವನು ಕೂತು ಒಂದು ಪಂದ್ಯ ಆಡಿ ಹೋದ. ಕೊಟ್ರೇಶನ ಹಾಲಿನಲ್ಲಿ ಬಾಗುವ ಕುರ್ಚಿಗಳು ಖಾಲಿ.

ತಾಜ್ ಬೀಗೆ ಮಾತ್ರ ಇದು ಹಿಡಿಸಲಿಲ್ಲ. "ಅರೆ, ಎಲ್ಲಾರೂ ಅವ್ರೆ, ಕೊಟ್ರೇಶ ಎಲ್ಲಿ?" ಅಂತ ಕೇಳಿದಳು.

"ಅವನಿಗೆ ಹಾಲ್ ಐತೆ, ಏಸಿ ಐತೆ. ಇಲ್ಲಿ ಯಾಕೆ ಬೇಕು ಅಮ್ಮೀ?"

"ನಾನು ಅವನ ಹಾಲಿಗೆ ಹೋಗಿ ಬಂದೆ. ಹೊಸದುರ್ಗದ ಟೀಮು ತೆಗೆದು ತೋರಿಸಿದ. ನೀನೂ ಒಂದ್ಸಲ ಹೋಗಿ ನೋಡು ಬೇಟಾ."

"ನನಗೇನು ಕೆಲ್ಸ ಅಲ್ಲಿ?"

"ನೋಡು ಅಂದ್ರೆ ನೋಡಬೇಕು" ಅಂದು ಅವಳು ಸೂಜಿಗೆ ದಾರ ಪೋಣಿಸಿದಳು. ಜಬೀ ಹೋಗಲಿಲ್ಲ.

ಲೀಗ್ ಮುಗಿದ ಮರುದಿನ ಮುರುಗೇಶಪ್ಪ ಓಣಿಗೆ ಬಂದರು. ಅಂಗಡಿಯ ಮುಂದೆ ಅವರ ಬಿಳಿ ಪಂಚೆ ಕಂಡಾಗ ಒಳಗಿದ್ದ ಹುಡುಗರು ಹಿಂದಿನ ಬಾಗಿಲಿನಿಂದ ಓಟ ಕಿತ್ತರು. ಜಬೀ ಕತ್ತರಿ ಕೆಳಗಿಟ್ಟ. ಇವತ್ತು ತನ್ನ ಕಥೆ ಮುಗಿಯಿತು ಅಂದುಕೊಂಡ.

"ಬರ್ರಿ ಯಜಮಾನ್ರೆ, ಕುಂತ್ಕಳ್ರಿ."

"ಕುಂತ್ಕಳಾಕೆ ಬಂದಿಲ್ಲ. ಜರಡಿ ಅಂತ ಯಾರನ್ನೋ ಹಾಕೀಯಂತಲ್ಲ. ಎಲ್ಲಿ, ತೋರ್ಸು."

ಜಬೀ ಒಳಗೆ ಕರೆದುಕೊಂಡು ಹೋಗಿ ಟೀವಿ ಹಚ್ಚಿದ. ಹಳೆಯ ಟೀಮು ಮೈದಾನಕ್ಕೆ ಇಳಿಯಿತು. ವಿಕೆಟ್ಟಿನ ಹಿಂದೆ ಒಬ್ಬ ಸಣಕಲು ಹುಡುಗ, ಜೋತುಬಿದ್ದ ಮೀಸೆ, ಎಡಗಡೆಗೆ ವಾಲಿಕೊಂಡು ಕೂರುವ ಭಂಗಿ. ಮುರುಗೇಶಪ್ಪ ಬಗ್ಗಿ ನೋಡಿದರು. ಬೆಂಚಿನ ತುದಿ ಹಿಡಿದು ಕೂತರು. ಹಳೆಯ ಟೀಮಿನ ಬೌಲರ್ ಚೆಂಡು ಹಾಕಿದ, ಬ್ಯಾಟಿಗೆ ತಾಗಿದ ಚೆಂಡು ಹಿಂದಕ್ಕೆ ಹಾರಿತು, ಜರಡಿ ಎಗರಿ ಹಿಡಿದ.

"ಹಿಡಿದ್ನಲ್ಲೋ!" ಅಂತ ಕಿರುಚಿದರು ಮುರುಗೇಶಪ್ಪ. ಆಮೇಲೆ ಅವರಿಗೆ ತಡೆಯಲಾರದ ನಗು. ಹೆಗಲ ಮೇಲಿನ ಟವೆಲಿನಿಂದ ಕಣ್ಣು ಒರೆಸಿಕೊಳ್ಳುತ್ತ ಇನ್ನೊಂದು ಸಲ ಹಾಕು ಅಂದರು, ಮತ್ತೊಂದು ಸಲ ಹಾಕು ಅಂದರು. ತಾಜ್ ಬೀಯ ಚಾ ಎರಡು ಲೋಟ ಖಾಲಿಯಾಯಿತು.

ಹೊರಡುವ ಮುಂಚೆ ಅವರು ಗಂಭೀರವಾದರು. "ಕೊಟ್ರೇಶನ ಕರಾರು ಮುಗೀತು. ಆ ಆಧಾರ್ ಕಾರ್ಡಿನ ಹೆಸರು ಯಾರಿಗೂ ಬ್ಯಾಡಂತೆ. ಮುಂದಿನ ಸೀಸನ್ನಿಗೆ ನೀನು ಹೇಳಪ್ಪ. ಇಬ್ರಿಗೂ ಇರ್ಲೋ, ಇಲ್ಲ ನಿನಗೊಬ್ಬನಿಗೇ ಬರ್ಕೊಡಾಣೋ?"

ಒಂದು ತಿಂಗಳಿಂದ 'ಹೆಸರು ಯಾರಪ್ಪನ ಆಸ್ತಿ' ಅಂತ ಓಣಿಯ ನಾಯಿಗೂ ಕೇಳಿಸುವ ಹಾಗೆ ಕೂಗಿದವನು ಇವನೇ. ಒಂದು ಉಸಿರಿನಷ್ಟಾದರೂ ಯೋಚಿಸಿದನೇ? ಇಲ್ಲ.

"ನನಗೊಬ್ಬನಿಗೇ ಇರ್ಲಿ" ಅಂದ.

ತಾಜ್ ಬೀ ಸೂಜಿ ನಿಲ್ಲಿಸಿ ಮಗನನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು ಅಂತ ಜಬೀಗೆ ಆಮೇಲೆ ಅನ್ನಿಸಿತು.

ಕಮಿಟಿಯ ಸೀಲು ಬಿದ್ದ ಕಾಗದವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಜಬೀ ಕೊಟ್ರೇಶನ ಹಾಲಿಗೆ ಹೋದ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಕೊಟ್ರೇಶನ ಮುಖ ಬಾಡುವುದನ್ನು ಕಣ್ಣಾರೆ ನೋಡಬೇಕಿತ್ತು. ಹತ್ತು ವರ್ಷದ ಚಪ್ಪಾಳೆಯ ಬಾಕಿ ಅದು.

ಮಧ್ಯಾಹ್ನ ಇಳಿಯುವ ಹೊತ್ತು. ಹಾಲಿನಲ್ಲಿ ಕೊಟ್ರೇಶ ಒಬ್ಬನೇ ಇದ್ದ. ಕಾಗದ ಓದಿದ, ಮಡಚಿ ವಾಪಸ್ ಕೊಟ್ಟ. ಮುಖ ಬಾಡಲಿಲ್ಲ.

"ಸರಿ ಬಿಡಲೇ. ಆವತ್ತೇ ಅಂದ್ಕಂಡಿದ್ದೆ ನಿನಗೆ ಹೇಳದೆ ಕೇಳಿದ್ದು ತಪ್ಪು ಅಂತ. ಸಭೇಲಿ ಹೇಳಾಣ ಅಂದ್ರೆ ಎದ್ದು ಹೋದೆ. ಕುಂತ್ಕ, ಈಗ್ಲೇ ಅಳಿಸ್ತೀನಿ."

ಕೊಟ್ರೇಶ ಒಂದೊಂದೇ ಟೀಮು ತೆಗೆದ. ಜಿ. ತಿಪ್ಪೇಸ್ವಾಮಿ ಹೋದ, ಇನ್ನೊಬ್ಬ ಹೋದ, ಮತ್ತೊಬ್ಬ ಹೋದ. ಕೊನೆಗೆ ಹೊಸದುರ್ಗದ ಟೀಮು ಬಂತು. ಮೊದಲನೆಯ ಹೆಸರಿಗೆ ಕೊಟ್ರೇಶನ ಕೈ ನಿಂತಿತು. ಬಿಸಿಲಿನ ಪಟ್ಟಿ ಸರಿಯಾಗಿ ಅಲ್ಲೇ ಬಿದ್ದಿತ್ತು. ಜಬೀ ಎದ್ದು ಹತ್ತಿರ ಹೋಗಿ, ಬಿಸಿಲಿಗೆ ಅಂಗೈ ಅಡ್ಡ ಹಿಡಿದು ಓದಿದ.

ಎಸ್. ಜಬೀವುಲ್ಲಾ. ಓಪನರ್. ಬ್ಯಾಟಿಂಗ್ ತೊಂಬತ್ತೈದು.

ಅವನ ಕೆಳಗೆ ಕೊಟ್ರೇಶ. ಬ್ಯಾಟಿಂಗ್ ತೊಂಬತ್ತು.

"ಈಗಿನ ಟೀಮಿನಾಗೆ ನಾವಿಬ್ರೂ ಇಲ್ಲ ನಿಜ. ಕಮಿಟಿಯೋರಿಗೆ ಏನು ಗೊತ್ತಾಗುತ್ತೆ ಅಂತ ನಾನೇ ಸೇರಿಸಿದ್ದೆ. ಉದ್ಘಾಟನೆ ದಿನ ನಮ್ಮ ಟೀಮಿನ ಪಂದ್ಯ ಹಾಕಿ ನಿನಗೆ ತೋರ್ಸಾಣ ಅಂತಿದ್ದೆ, ಅಷ್ಟರಾಗೆ ನೀನು ಕಾಣೆ" ಅಂದ ಕೊಟ್ರೇಶ.

ಜಬೀ ಎರಡೂ ಅಂಕಗಳನ್ನು ಮತ್ತೊಮ್ಮೆ ಓದಿದ. "ನನಗ್ಯಾಕಲೇ ನಿನಗಿಂತ ಐದು ಜಾಸ್ತಿ?"

"ನೀನು ಆ ತುದೀಲಿ ನಿಲ್ಲದಿದ್ರೆ ನಾನು ಈ ತುದೀಲಿ ಏನು ಹೊಡೀತಿದ್ದೆ? ಪೇಪರಿನೋರಿಗೆ ಗೊತ್ತಿಲ್ಲ, ನನಗೂ ಗೊತ್ತಿಲ್ವಾ?" ಕೊಟ್ರೇಶ ರಿಮೋಟನ್ನು ಅವನ ಕಡೆ ಚಾಚಿದ. "ಇದೊಂದು ಹೆಸರು ನಾನು ಅಳಿಸಲ್ಲ. ಕಾಗದ ನಿಂದು, ನೀನೇ ಅಳಿಸು."

ಈಗ ಜಬೀಗೆ ನಾಚಿಕೆಯಾಯಿತು, ಕಣ್ಣು ತುಂಬಿತು ಅಂತ ನೀವು ಅಂದುಕೊಳ್ಳಬಹುದು. ಅವೂ ಆದವು, ಇಲ್ಲ ಅನ್ನುವುದಿಲ್ಲ. ಆದರೆ ಎಲ್ಲಕ್ಕಿಂತ ಮೊದಲು ಎದ್ದದ್ದು ಅದೇ ಹಳೆಯ ಹೊಟ್ಟೆಕಿಚ್ಚು. ಈ ನನ್ಮಗ ಇದರಲ್ಲೂ ನನ್ನನ್ನು ಮೀರಿಸಿಬಿಟ್ಟನಲ್ಲ! ನಾನು ಇವನನ್ನು ಟೀಮಿನಿಂದಲೇ ಹೊರಗಿಟ್ಟೆ, ಇವನು ನನ್ನನ್ನು ತನಗಿಂತ ಮೇಲೆ ಕೂರಿಸಿದ. ಇಂಥ ಮನಸ್ಸು ಇವನಿಗೆ ಎಲ್ಲಿಂದ ಬಂತು? ನನಗೆ ಯಾಕೆ ಬರಲಿಲ್ಲ?

ರಿಮೋಟನ್ನು ಅವನು ಕುರ್ಚಿಯ ಮೇಲಿಟ್ಟ. "ಇರ್ಲಿ ಬಿಡು. ನಮ್ಮಿಬ್ರದ್ದು ಇರ್ಲಿ."

"ಕರಾರಿನ ಗತಿ?"

"ಕರಾರು ನಂದಲ್ವಾ? ಇರ್ಲಿ ಅಂದ್ರೆ ಇರ್ಲಿ." ಆಮೇಲೆ ಕಿಟಕಿಯ ಕಡೆ ಕೈ ತೋರಿಸಿ, ನೆಲ ನೋಡುತ್ತ ಅಂದ, "ಆ ಪರದೆ ಬಿಚ್ಚಿ ಕೊಡು. ಕೆಳಗೆ ಪಟ್ಟಿ ಹಚ್ಚಿ ಕೊಡ್ತೀನಿ."

ಕೊಟ್ರೇಶ ಸ್ಟೂಲು ಹತ್ತಿ ಟವೆಲು ತೆಗೆದ, ಪರದೆ ಬಿಚ್ಚಿದ. ಕೆಳಗೆ ಕೊಡುತ್ತ ನಕ್ಕ. "ನೀನು ಅಳತೆ ತಪ್ಪೋನಲ್ಲ ಅಂತ ನನಗೆ ಆವತ್ತೇ ಗೊತ್ತಿತ್ತು, ಕಾಜಾ."

ಜಬೀ ಪರದೆಯನ್ನು ಕಂಕುಳಿನಲ್ಲಿ ಇರುಕಿಕೊಂಡು ಓಣಿಗೆ ಬಂದ. ತಾಜ್ ಬೀ ಪರದೆ ನೋಡಿದಳು, ಮಗನ ಮುಖ ನೋಡಿದಳು. "ನೋಡ್ದಾ?" ಅಂತ ಕೇಳಿದಳು.

"ನೋಡ್ದೆ ಅಮ್ಮೀ" ಅಂದು ಸೀದಾ ಒಳಗೆ ಹೋಗಿ ಟೀವಿ ಹಚ್ಚಿದ.

ಹಳೆಯ ಟೀಮು ತೆಗೆದ. ಊರುಹೆಸರಿಲ್ಲದ ಆ ಹನ್ನೊಂದನೆಯವನನ್ನು ಅಳಿಸಿದ. ಅವನ ಜಾಗದಲ್ಲಿ ಎತ್ತರದ, ಕೆಂಪಗಿನ ಒಬ್ಬನನ್ನು ನಿಲ್ಲಿಸಿದ. ನಿಧಾನವಾಗಿ, ನಾಲ್ಕೂ ಕಡೆ ನೋಡುತ್ತ ಬರುವ ನಡಿಗೆ ಹುಡುಕಿ ಕೂಡಿಸಿದ. ಒಂದೊಂದೇ ಅಕ್ಷರ ಒತ್ತಿ ದಿಬ್ಬಣ ಅಂತ ಬರೆದ. ಬ್ಯಾಟಿಂಗಿಗೆ ತೊಂಬತ್ತೈದು ಕೊಟ್ಟ. ಕೊಟ್ಟ ಮೇಲೆ ಅದನ್ನೇ ಸ್ವಲ್ಪ ಹೊತ್ತು ನೋಡುತ್ತ ಕೂತ. ಮೇಲಿನ ಸಾಲಿನಲ್ಲಿ ಕಾಜಾನ ತೊಂಬತ್ತು ಕಾಣುತ್ತಿತ್ತು.

ಜಬೀ ದಿಬ್ಬಣನನ್ನು ಎಂಬತ್ತೊಂಬತ್ತಕ್ಕೆ ಇಳಿಸಿ ಸೇವ್ ಮಾಡಿದ.